ಪಂಪ್ ಬದಲಿಸಿದೆವು ಅಂದರು, ಮುಚ್ಚಳದ ಮೇಲಿನ ಧೂಳು ಹಾಗೇ ಇತ್ತು

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿ ನಡುರಸ್ತೆಯಲ್ಲಿ ಬಂದ್ ಬೀಳುತ್ತಿದ್ದರಂತೂ ಗ್ಯಾರೇಜಿಗೆ ಒಯ್ಯುವ ಮೊದಲೇ ಓದಿ. ನಾನು 17,300 ರೂಪಾಯಿ ಕೊಟ್ಟು ಕೂತಿದ್ದೇನೆ. ಅದರಲ್ಲಿ 3,000 ಮಾತ್ರ ವಾಪಸ್ ಬಂದಿದೆ. ರೊಕ್ಕ ಹೋದದ್ದು ಒಂದು ಕಡೆ. ಗ್ಯಾರೇಜಿನವನು ಎದುರು ನಿಂತು ನಗುತ್ತಾ ಸುಳ್ಳು ಹೇಳಿದನಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ನನ್ನದು 2014ರ ಗಾಡಿ. ಧಾರವಾಡದ ಮನೆಯಿಂದ ಹುಬ್ಬಳ್ಳಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ಅರ್ಧ ತಾಸು ಓಡಿಸಿದರೆ ಎಂಜಿನ್ ಪಟ್ ಅಂತ ಬಂದ್. ಜರ್ಕ್ ಇಲ್ಲ, ಎಳೆತ ಕಡಿಮೆ ಆಗುವುದಿಲ್ಲ, ಯಾರೋ ಚಾವಿ ತಿರುಗಿಸಿ ಆಫ್ ಮಾಡಿದ ಹಾಗೆ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲದಂತೆ ಚಾಲೂ. ಈ ಲಕ್ಷಣ ನೆನಪಿಡಿ. ಇದನ್ನೆಲ್ಲ ನಾನು ಗ್ಯಾರೇಜಿನವನಿಗೆ ಮೊದಲ ದಿನವೇ, ಇಷ್ಟೇ ವಿವರವಾಗಿ ಹೇಳಿದ್ದೆ.

ಆಫೀಸಿನ ಗೆಳೆಯರೊಬ್ಬರು ಹೇಳಿದರು ಅಂತ ಹುಬ್ಬಳ್ಳಿಯ ಆ ಗ್ಯಾರೇಜಿಗೆ ಹೋದೆ. ಹೆಸರು ಬರೆಯುವುದಿಲ್ಲ. ಅಂಗಡಿ ದೊಡ್ಡದು, ಹತ್ತು ಗಾಡಿ ನಿಂತಿದ್ದವು, ನಂಬಿದೆ. ಬಾನೆಟ್ ಎತ್ತಿದ, ಎರಡು ನಿಮಿಷ ನೋಡಿದ. "ಪೆಟ್ರೋಲ್‌ನ್ಯಾಗ ಕಚರಾ ಬಂದೈತ್ರಿ ಸರ್. ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಪ್ಲಗ್ ಹಾಕ್ತೀನ್ರಿ, ಮುಗೀತು." ಮೀಟರಿನಲ್ಲಿ ಎಂಜಿನ್ ಲೈಟ್ ಉರಿಯುತ್ತಿತ್ತು. ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿ ನೋಡುವುದಿಲ್ಲವಾ ಅಂದೆ. "ಅದೆಲ್ಲಾ ಸುಮ್ನ ಖರ್ಚ್ರೀ. ನಮ್ಮ ಕಿವೀನ ಸ್ಕ್ಯಾನರ್" ಅಂದ. 2,800 ಕೊಟ್ಟೆ. ಸಂಜೆ ಲೈಟ್ ಹೋಗಿತ್ತು. "ನೋಡ್ರಿ, ಲೈಟ್ ಹೋತಿಲ್ಲೋ?" ಅಂದ.

ಆ ಲೈಟ್ ಹೇಗೆ ಹೋಯಿತು ಅಂತ ಆಮೇಲೆ ಗೊತ್ತಾಯಿತು. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟಿದ್ದಾನೆ. ಹಾಗೆ ಮಾಡಿದರೆ ಗಾಡಿಯ ಕಂಪ್ಯೂಟರಿನಲ್ಲಿ ಉಳಿದ ದೋಷದ ಕೋಡ್ ಅಳಿಸಿ ಹೋಗಿ ಲೈಟ್ ಆರುತ್ತದೆ. ದೋಷ ಅಲ್ಲೇ ಇರುತ್ತದೆ. ಅವತ್ತು ಸ್ಟೀರಿಯೋದ ಗಡಿಯಾರ ತಪ್ಪು ಟೈಮ್ ತೋರಿಸುತ್ತಿತ್ತು, ಹಾಕಿಟ್ಟ ರೇಡಿಯೋ ಸ್ಟೇಷನ್‌ಗಳೂ ಹೋಗಿದ್ದವು. ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಲಿಲ್ಲ.

ನಾಲ್ಕನೇ ದಿನ ಅವ್ವನನ್ನು ಕಿಮ್ಸ್‌ಗೆ ತೋರಿಸಿಕೊಂಡು ಧಾರವಾಡಕ್ಕೆ ವಾಪಸ್ ಬರುತ್ತಿದ್ದೆ. ರಾಯಾಪುರ ದಾಟುವಾಗ ಗಾಡಿ ಬಂದ್. ಹಿಂದೆ ಲಾರಿ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ನೆರವು ಹೋಗುತ್ತದೆ. ಬ್ರೇಕ್ ಒಂದೆರಡು ಸಲ ಹಿಡಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ. ಎರಡೂ ಕೈಯಿಂದ ಸ್ಟೀರಿಂಗ್ ಎಳೆದು ಪಕ್ಕಕ್ಕೆ ತಂದೆ. ಅವ್ವ ಹಿಂದಿನ ಸೀಟಿನಲ್ಲಿ "ಯಪ್ಪಾ ಯಪ್ಪಾ" ಅನ್ನುತ್ತಿದ್ದಳು. ಆಟೋ ಮಾಡಿ ಮನೆಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಗ್ಯಾರೇಜ್. ಈಗ "ಫ್ಯೂಯಲ್ ಪಂಪ್ ಹೋಗೇತ್ರಿ. ನಾ ಮೊದಲ ಹೇಳಿದ್ನೆಲ್ರಿ" ಅಂದ. ಹೇಳಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ. ಆದರೂ 9,500ಕ್ಕೆ ಒಪ್ಪಿಕೊಂಡೆ. ಅವ್ವನ ಮುಖವೇ ಕಣ್ಣ ಮುಂದಿತ್ತು, ಒಮ್ಮೆ ಸರಿಯಾದರೆ ಸಾಕು ಅನ್ನಿಸಿತ್ತು. ದಾರಿಯಲ್ಲಿ ನವನಗರದಲ್ಲಿ ಟ್ಯಾಂಕ್ ಫುಲ್ ಮಾಡಿಸಿದ್ದೆ. ಇದೂ ನೆನಪಿಡಿ. ಸಂಜೆ ಗಾಡಿ ತೊಳೆದು ಫಳಫಳ ಮಾಡಿ ಇಟ್ಟಿದ್ದರು. ಖುಷಿಯಾಗಿ ತೊಳೆದ ಹುಡುಗನ ಕೈಗೆ 200 ಬೇರೆ ಕೊಟ್ಟೆ. ಆ ಹುಡುಗ ನನ್ನ ಮುಖ ನೋಡಲಿಲ್ಲ. ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ಎರಡು ದಿನಕ್ಕೆ ಮತ್ತೆ ಬಂದ್! ಈ ಸಲ "ಇಸಿಎಂ ಹೋಗೇತ್ರಿ, ಗಾಡಿ ಬ್ರೇನ್ ಅದು. 28,000 ಆಗ್ತದ, ನಿಮಗಂತ 25ಕ್ಕ ಮಾಡ್ತೀನಿ" ಅಂದ. ಅಡ್ವಾನ್ಸ್ ಅಂತ 5,000 ಫೋನ್‌ಪೇ ಮಾಡಿಯೇಬಿಟ್ಟೆ. ಐಟಂ ಬರಲು ನಾಲ್ಕು ದಿನ ಬೇಕು, ಅಲ್ಲಿವರೆಗೆ ಗಾಡಿ ಒಯ್ಯಿರಿ ಅಂದ. ಅಷ್ಟೊತ್ತಿಗೆ ನನ್ನ ಹೆಂಡತಿಯ ಅಣ್ಣ ಬಯ್ದು, ಧಾರವಾಡದಲ್ಲಿ ತಮಗೆ ಪರಿಚಯದ ವಯಸ್ಸಾದ ಮಿಸ್ತ್ರಿಯೊಬ್ಬರ ಹತ್ತಿರ ಕರೆದುಕೊಂಡು ಹೋದರು.

ಇವರು ಏನನ್ನೂ ಬಿಚ್ಚಲಿಲ್ಲ. "ಬಂದ್ ಬೀಳೂತನಕ ಚಾಲೂ ಇರ್ಲಿ" ಅಂತ ಎಂಜಿನ್ ಬಿಸಿ ಮಾಡುತ್ತಾ ಕೂತರು. ಮುಕ್ಕಾಲು ತಾಸಿಗೆ ನಿಂತಿತು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಚ್ಚಿದರು. ಪಿ0335 ಅಂತ ಕೋಡ್ ಬಂತು. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುತ್ತಿದ್ದರೂ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆ. ಅಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಕಳಿಸುತ್ತಿಲ್ಲ. ಎಂಜಿನ್ ತಿರುಗುತ್ತಿದೆ ಅಂತಲೇ ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಪ್ಲಗ್ಗಿಗೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಆಮೇಲೆ ಒಂದು ಅರಿವೆ ನೀರಿನಲ್ಲಿ ತೊಯ್ಸಿ ಆ ಸಣ್ಣ ಸೆನ್ಸರ್ ಮೇಲೆ ಒತ್ತಿ ಹಿಡಿದರು. ಐದು ನಿಮಿಷಕ್ಕೆ ಗಾಡಿ ಚಾಲೂ! ಬಿಸಿಯಾದರೆ ಕೈಕೊಡುತ್ತದೆ, ತಣ್ಣಗಾದರೆ ಕೆಲಸ ಮಾಡುತ್ತದೆ, ಅಷ್ಟೇ. ಹೊಸ ಸೆನ್ಸರ್ 1,650, ಮಜೂರಿ 400. ಇಷ್ಟಕ್ಕಾಗಿ ನಾನು ಮೂರು ವಾರ ಒದ್ದಾಡಿದ್ದೆ.

"ಪಂಪ್ ಹೊಸಾದು ಹಾಕ್ಸೇನ್ರಿ ಮೊನ್ನೆ" ಅಂದೆ. ಅವರು ಏನೂ ಮಾತಾಡದೆ ಹಿಂದಿನ ಸೀಟ್ ಎತ್ತಿದರು. ನನ್ನ ಗಾಡಿಯಲ್ಲಿ ಪಂಪ್ ಇರುವುದು ಅಲ್ಲೇ, ಟ್ಯಾಂಕಿನ ಒಳಗೆ, ಮೇಲೊಂದು ಮುಚ್ಚಳ. ಆ ಮುಚ್ಚಳದ ಮೇಲೆ ಹತ್ತು ವರ್ಷದ ಧೂಳು ಗಟ್ಟಿಯಾಗಿ ಕೂತಿತ್ತು. ಸ್ಕ್ರೂಗಳ ಮೇಲೂ ಧೂಳು. ಒಂದು ಬೆರಳಿನ ಗುರುತಿಲ್ಲ. "ಇದನ್ನ ಯಾರೂ ಮುಟ್ಟೇ ಇಲ್ಲಪಾ" ಅಂದರು, ಅಷ್ಟೇ. ಭಾವ ಪಕ್ಕದಲ್ಲೇ ನಿಂತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. 9,500 ರೂಪಾಯಿ, ಒಂದು ಗಾಡಿ ತೊಳೆದದ್ದಕ್ಕೆ.

ಫೋಟೋ ತೆಗೆದುಕೊಂಡು ನೇರ ಅವನ ಹತ್ತಿರ ಹೋದೆ. ಅವನ ಉತ್ತರ ಕೇಳಿ: "ನಾವ್ ಮ್ಯಾಲಿಂದ ಹಾಕಂಗಿಲ್ರಿ ಸರ್. ಟ್ಯಾಂಕ್ ಕೆಳಗ ಇಳಿಸಿ ಹಾಕೀವಿ." ಫುಲ್ ಟ್ಯಾಂಕ್ ಇತ್ತು! 35 ಲೀಟರ್. ಅದನ್ನು ಖಾಲಿ ಮಾಡದೆ ಹೇಗೆ ಇಳಿಸಿದೆ ಅಂದರೆ ಉತ್ತರ ಇಲ್ಲ. ಖಾಲಿ ಮಾಡಿದ್ದರೆ ಮುಳ್ಳು ಫುಲ್‌ನಲ್ಲೇ ಹೇಗೆ ಇತ್ತು ಅಂದರೆ ಅದಕ್ಕೂ ಇಲ್ಲ. ಟ್ಯಾಂಕಿನ ಪಟ್ಟಿಯ ಬೋಲ್ಟ್‌ಗಳ ಫೋಟೋ ತೋರಿಸಿದೆ, ಪೂರಾ ತುಕ್ಕು, ಪಾನಾ ಹಚ್ಚಿದ ಗುರುತಿಲ್ಲ. ಹಳೇ ಪಂಪ್ ಕೊಡು ಅಂದೆ. "ಗುಜರಿಗೆ ಹೋತ್ರಿ." ಹೊಸ ಪಂಪಿನ ಡಬ್ಬಿ? "ಹುಡುಗೂರು ಒಗದಾರ್ರೀ." ಖರೀದಿ ಬಿಲ್? "ಸರ್, ನಿಮಗ ಗಾಡಿ ಬಗ್ಗೆ ತಿಳಿಯಂಗಿಲ್ಲ. ಸುಮ್ನ ಯಾರದೋ ಮಾತ್ ಕೇಳಿ ಬಂದೀರಿ." ಕೊನೆಗೆ ದನಿ ಇಳಿಸಿ "ಹೆಸರು ಕೆಡಸಬ್ಯಾಡ್ರಿ, ಒಂದ್ ಸರ್ವಿಸ್ ಫ್ರೀ ಮಾಡಿ ಕೊಡ್ತೀನಿ" ಅಂದ. ಮತ್ತೆ ಆ ಗಾಡಿಯನ್ನು ಅವನ ಕೈಗೆ ಕೊಡಬೇಕಂತೆ!

ಅಡ್ವಾನ್ಸ್ ಕೇಳಿದರೆ "ಆರ್ಡರ್ ಹೋಗೇತಿ, ಕ್ಯಾನ್ಸಲ್ ಆಗಂಗಿಲ್ಲ" ಅಂದ. ಆರ್ಡರ್ ಚೀಟಿ ತೋರಿಸು ಅಂದೆ, ಇಲ್ಲ. ನಾಲ್ಕು ಸಲ ಅಲೆದ ಮೇಲೆ 3,000 ಹಾಕಿದ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಆದರೆ ನನ್ನ ಕೈಯಲ್ಲಿ ಇರುವುದು ಏನು? ಅಂಗಡಿ ಹೆಸರೂ ಇಲ್ಲದ, ಪೆನ್ನಿನಲ್ಲಿ ಗೀಚಿದ ಎರಡು ಚೀಟಿ ಮತ್ತು ಫೋನ್‌ಪೇ ದಾಖಲೆ. ಬಿಲ್ ಕೇಳಿದಾಗ "ಜಿಎಸ್‌ಟಿ ಜಾಸ್ತಿ ಬೀಳ್ತದ್ರಿ, ಯಾಕ ಸುಮ್ನ" ಅಂದಿದ್ದ. ನಾನೂ ಹೂಂ ಅಂದಿದ್ದೆ. ನೀವು ಅನ್ನಬೇಡಿ. ಸ್ಕ್ಯಾನ್ ಮಾಡದೆ ಬಿಚ್ಚಲು ಬಿಡಬೇಡಿ, ಕೋಡಿನ ಫೋಟೋ ತೆಗೆದುಕೊಳ್ಳಿ. ಹಳೇ ಸಾಮಾನು ಕೈಗೆ ಬರುವವರೆಗೆ ರೊಕ್ಕ ಕೊಡಬೇಡಿ. ಪಂಪ್ ಹೋಗಿದೆ ಅಂತ ಹೇಳಿದರೆ ಚಾವಿ ಆನ್ ಮಾಡಿ ಹಿಂದಿನ ಸೀಟಿನ ಹತ್ತಿರ ಕಿವಿಗೊಡಿ, ಎರಡು ಸೆಕೆಂಡ್ ಝೂಂ ಅನ್ನುತ್ತದೆಯೋ ಇಲ್ಲವೋ ಅಂತ. ನನ್ನದು ಗಾಡಿ ಬಂದ್ ಬಿದ್ದಾಗಲೂ ಅನ್ನುತ್ತಿತ್ತು.

ಗಾಡಿ ಈಗ ಸರಿ ಇದೆ, ಒಂದೂವರೆ ತಿಂಗಳಾಯಿತು, ಒಮ್ಮೆಯೂ ನಿಂತಿಲ್ಲ. ಅವ್ವ ಮಾತ್ರ ಹತ್ತಲು ಒಪ್ಪುತ್ತಿಲ್ಲ. ಹೋದ ವಾರ ತಪಾಸಣೆಗೆ ಚಿಗರಿ ಬಸ್ಸಿನಲ್ಲೇ ಹೋಗಿ ಬಂದಳು.