ಎನ್‌ಕ್ರಿಪ್ಟ್ ಮಾಡಿ ಕಳಿಸಿದ ಬಟವಾಡೆ ಪಟ್ಟಿಯಲ್ಲಿ ಆರೂವರೆ ವಾರ ಕಾಣೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಿಂದ ಚಿಕ್ಕಮಗಳೂರಿನ ಆಡಿಟರ್ ಕಚೇರಿಗೆ ಏಪ್ರಿಲ್‌ನಲ್ಲಿ ವರ್ಷದ ಬಟವಾಡೆ ಪಟ್ಟಿ ಹೋಯಿತು. ಕಳಿಸಿದ್ದು ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕಳಿಸುವವರು, ಪಡೆಯುವವರು ಬಿಟ್ಟು ನಡುವಿನ ಯಾರೂ ಓದಲಾಗದಂತೆ ಗೂಢಲಿಪಿ ಮಾಡುವುದು) ಇರುವ ಒಂದು ವೆಬ್ ಆಪ್‌ನಲ್ಲಿ. ಫೈಲು ತೆರೆಯಿತು, ‘ಯಶಸ್ವಿ’ ಅಂತಲೂ ಬಂತು. ಆದರೆ ಫೆಬ್ರವರಿ ಎರಡನೇ ವಾರದ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಕೂಲಿ ಅದರಲ್ಲಿ ಇರಲೇ ಇಲ್ಲ. ಬ್ಯಾಂಕಿನಿಂದ ತೆಗೆದ ಹಣಕ್ಕೂ ಬಟವಾಡೆಯ ಮೊತ್ತಕ್ಕೂ ತಾಳೆ ಬೀಳಲಿಲ್ಲ. ಅನುಮಾನ ಹೋಗಿದ್ದು ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ. ತಪ್ಪು ಮಾಡಿದ್ದು ಆಪ್. ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂದದ್ದು ದುಡಿಯುವ ಮನುಷ್ಯ. ಇಂಥ ಆಪ್ ಬಳಸುವವರು, ಬರೆಯುವವರು ಇಬ್ಬರೂ ದಯವಿಟ್ಟು ಇದನ್ನು ಪೂರ್ತಿ ಓದಿ.

ಪಟ್ಟಿಯಲ್ಲಿ 60 ಆಳು, 52 ವಾರ, ಒಟ್ಟು 3,120 ಸಾಲು. ತೋಟದ ಲ್ಯಾಪ್‌ಟಾಪ್‌ನಲ್ಲಿದ್ದ ಸಿಎಸ್‌ವಿ ಫೈಲಿನ ಅಳತೆ 3,74,512 ಬೈಟ್. ಆಡಿಟರ್ ಕಡೆ ಇಳಿದದ್ದು 3,27,680 ಬೈಟ್. ಈ ಎರಡನೇ ಸಂಖ್ಯೆಯನ್ನು 65,536ರಿಂದ ಭಾಗಿಸಿ ನೋಡಿ: ಸರಿಯಾಗಿ 5, ಶೇಷವಿಲ್ಲ. 65,536 ಬೈಟ್ ಅಂದರೆ 64 ಕೆಬಿ, ಆ ಆಪ್ ಫೈಲನ್ನು ಕತ್ತರಿಸುವ ತುಂಡಿನ ಅಳತೆ. ಆರು ತುಂಡುಗಳಲ್ಲಿ ಐದು ಮಾತ್ರ ತಲುಪಿದ್ದವು. ಪಟ್ಟಿಯ ಕೊನೆಯ ಸಾಲಿನಲ್ಲಿ ಒಬ್ಬ ಹೆಣ್ಣಾಳಿನ ಹೆಸರು ಅರ್ಧಕ್ಕೆ ನಿಂತಿತ್ತು, ಅದರ ಪಕ್ಕದಲ್ಲೇ ಪ್ರಶ್ನೆ ಚಿಹ್ನೆ ಇರುವ ಕಪ್ಪು ವಜ್ರಾಕೃತಿ. ಯೂನಿಕೋಡ್ (ಯುಟಿಎಫ್-8) ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೂ ಮೂರು ಬೈಟ್ ಬೇಕು. ಮೂರರ ನಡುವೆ ಕತ್ತರಿ ಬಿದ್ದರೆ ಕಾಣುವುದು ಈ ಗುರುತೇ. ಮೂರು ಸಾವಿರ ಸಾಲಿನ ತುದಿಗೆ ಹೋಗಿ ಯಾರೂ ನೋಡಿರಲಿಲ್ಲ.

ಆಗಿದ್ದು ಹೀಗೆ. ಬ್ರೌಸರ್‌ನಲ್ಲೇ ಇರುವ ಎನ್‌ಕ್ರಿಪ್ಷನ್ ಸೌಲಭ್ಯವಾದ ವೆಬ್ ಕ್ರಿಪ್ಟೋದಲ್ಲಿ ಫೈಲನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾ ಎನ್‌ಕ್ರಿಪ್ಟ್ ಮಾಡಲು ಬರುವುದಿಲ್ಲ, ಇಡೀ ಡೇಟಾವನ್ನು ಒಂದೇ ಸಲ ಕೊಡಬೇಕು. ದೊಡ್ಡ ಫೈಲಾದರೆ ಮೊಬೈಲ್‌ನ ಮೆಮೊರಿ ಸಾಲದು. ಹಾಗಾಗಿ ಬರೆಯುವವರೇ ತುಂಡು ಮಾಡಿ ಒಂದೊಂದನ್ನೂ ಎಇಎಸ್-ಜಿಸಿಎಮ್ ಎಂಬ ಎನ್‌ಕ್ರಿಪ್ಷನ್ ವಿಧಾನದಲ್ಲಿ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡುತ್ತಾರೆ. ಪ್ರತಿ ತುಂಡಿಗೂ 12 ಬೈಟಿನ ಐವಿ (ಒಂದೇ ಕೀಯಲ್ಲಿ ಎರಡು ಸಲ ಬಳಸಬಾರದ ಆರಂಭಿಕ ಸಂಖ್ಯೆ), ಕೊನೆಗೆ 16 ಬೈಟಿನ ಟ್ಯಾಗ್. ಈ ತುಂಡನ್ನು ಯಾರೂ ತಿದ್ದಿಲ್ಲ ಎಂದು ಟ್ಯಾಗ್ ಹೇಳುತ್ತದೆ. ಇನ್ನೂ ಎಷ್ಟು ತುಂಡು ಬರಬೇಕಿತ್ತು ಎಂದು ಅದು ಹೇಳುವುದಿಲ್ಲ. ಐವಿಯಲ್ಲಿ ಕ್ರಮಸಂಖ್ಯೆ ಇದ್ದದ್ದರಿಂದ ತುಂಡುಗಳು ಅದಲುಬದಲಾಗಿದ್ದರೆ ಆಪ್‌ಗೆ ಗೊತ್ತಾಗುತ್ತಿತ್ತು. ಬಾಲವೇ ಇಲ್ಲದಿದ್ದದ್ದು ಗೊತ್ತಾಗಲಿಲ್ಲ. ಮೇಲಾಗಿ, ಅಪ್‌ಲೋಡ್ ಶುರುವಾದ ತಕ್ಷಣವೇ ಆಪ್ ಲಿಂಕ್ ಕೊಟ್ಟುಬಿಡುತ್ತಿತ್ತು. ಗುಡುಗು ಮಳೆಗೆ ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕ್ ಹೋಯಿತು. ಅಷ್ಟರಲ್ಲಿ ಲಿಂಕ್ ವಾಟ್ಸಾಪ್‌ನಲ್ಲಿ ಹೋಗಿಯಾಗಿತ್ತು.

ಇಲ್ಲಿ ಕತ್ತರಿಸಿದ್ದು ಮಳೆ. ಸರ್ವರ್ ನಡೆಸುವವರು ಬೇಕಂತಲೇ ಕತ್ತರಿಸಿದ್ದರೂ ಫಲ ಇದೇ. ಸರ್ವರನ್ನು ನಂಬಬೇಕಾಗಿಲ್ಲ ಎಂದು ಹೇಳಿಕೊಂಡು ಬಂದ ಆಪ್‌ಗೆ ಇದನ್ನು ಸಣ್ಣ ಬಗ್ ಎಂದು ಬಿಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. 12 ಬೈಟ್ ಐವಿಯನ್ನು 7 ಬೈಟ್ ಯಾದೃಚ್ಛಿಕ, 4 ಬೈಟ್ ಕ್ರಮಸಂಖ್ಯೆ, 1 ಬೈಟ್ ‘ಇದೇ ಕೊನೆ’ ಗುರುತು ಎಂದು ಹಂಚಿ. ಗುರುತು ನಡುವಿನ ತುಂಡುಗಳಿಗೆ 0, ಕೊನೆಯದಕ್ಕೆ 1. ಗುರುತು 1 ಇರುವ ತುಂಡು ಸರಿಯಾಗಿ ಬಿಚ್ಚಿಕೊಳ್ಳುವವರೆಗೆ ಬಳಕೆದಾರರಿಗೆ ಫೈಲು ಕೊಡಲೇಬಾರದು. 2017ರ ಆರ್‌ಎಫ್‌ಸಿ 8188 ಎಂಬ ಅಂತರ್ಜಾಲ ಮಾನದಂಡದಲ್ಲೂ ಕೊನೆಯ ದಾಖಲೆಗೆ ಬೇರೆ ಗುರುತು ಇದೆ; 2020ರಲ್ಲಿ ನಿಂತುಹೋದ ಫೈಲ್ ಕಳಿಸುವ ಸೇವೆ ಫೈರ್‌ಫಾಕ್ಸ್ ಸೆಂಡ್ ಅದನ್ನೇ ಬಳಸುತ್ತಿತ್ತು. ಬರೆದ ಮೇಲೆ ಮೂರು ತುಂಡಿನ ಫೈಲು ಹಾಕಿ, ಸರ್ವರ್‌ನಲ್ಲಿ ಮೂರನೆಯದನ್ನು ಅಳಿಸಿ, ಡೌನ್‌ಲೋಡ್ ಮಾಡಿ ನೋಡಿ. ದೋಷ ಬರಲೇಬೇಕು. ಸರಿಯಾಗಿ 65,536 ಬೈಟ್ ಇರುವ ಫೈಲು, 0 ಬೈಟಿನ ಫೈಲು ಇವೆರಡನ್ನೂ ಬಿಡಬೇಡಿ, ಎಡವುವುದು ಅಲ್ಲೇ.

ನಿಂತ ಅಪ್‌ಲೋಡನ್ನು ಮುಂದುವರಿಸುವಾಗ ಇನ್ನೊಂದು ಅಪಾಯವಿದೆ. ನಡುವೆ ಯಾರಾದರೂ ಪಟ್ಟಿಯನ್ನು ತಿದ್ದಿ ಸೇವ್ ಮಾಡಿದ್ದರೆ, ಅದೇ ಕೀ (ಬಿಚ್ಚಲು ಬೇಕಾದ ಗುಟ್ಟಿನ ಸಂಖ್ಯೆ) ಅದೇ ಐವಿಯಲ್ಲಿ ಎರಡು ಬೇರೆ ಬರಹ ಎನ್‌ಕ್ರಿಪ್ಟ್ ಆಗುತ್ತವೆ. ಜಿಸಿಎಮ್‌ನಲ್ಲಿ ಇದು ಮಹಾ ತಪ್ಪು: ಎರಡು ಬರಹಗಳ ವ್ಯತ್ಯಾಸ ಬಯಲಾಗುತ್ತದೆ, ಸುಳ್ಳು ಟ್ಯಾಗ್ ಹುಟ್ಟಿಸಲೂ ದಾರಿಯಾಗುತ್ತದೆ. ಫೈಲು ಒಂದು ಬೈಟ್ ಬದಲಾಗಿದ್ದರೂ ಹೊಸ ಕೀ ತೆಗೆದು ಮೊದಲಿನಿಂದ ಕಳಿಸಿ.

ಬಳಸುವವರು ಇಷ್ಟು ಮಾಡಿ ಸಾಕು. ಅಪ್‌ಲೋಡ್ ನೂರಕ್ಕೆ ನೂರು ಮುಗಿಯುವವರೆಗೆ ಲಿಂಕ್ ಕಳಿಸಬೇಡಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಕಾಣುವ ಬೈಟ್ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಿ, ಆ ಕಡೆಯವರು ಇಳಿಸಿಕೊಂಡದ್ದಕ್ಕೆ ಹೋಲಿಸಲಿ. ಕೆಬಿ ಲೆಕ್ಕ ಬೇಡ, ಬೈಟೇ ಬೇಕು. ತಾಳೆಯಾಗುವವರೆಗೆ ಮೂಲ ಫೈಲನ್ನು ಅಳಿಸಬೇಡಿ. ಈ ತೋಟದಲ್ಲಿ ರೈಟರ್ ಮೇಲಿನ ಮಾತು ತೊಳೆದುಹೋದದ್ದು ಲ್ಯಾಪ್‌ಟಾಪ್‌ನಲ್ಲಿ ಮೂಲ ಪಟ್ಟಿ ಉಳಿದಿತ್ತು ಎಂಬ ಒಂದೇ ಕಾರಣಕ್ಕೆ.

ವಿಚಾರಿಸುತ್ತಾ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಲಿಂಕ್ ತುಂಬಾ ಉದ್ದ ಎಂದು ಅದನ್ನು ಚಿಕ್ಕದು ಮಾಡುವ ಒಂದು ಸೇವೆಗೆ ಹಾಕಿ ಕಳಿಸಿದ್ದರು. ಇಂಥ ಲಿಂಕ್‌ಗಳಲ್ಲಿ ಹ್ಯಾಶ್ ಗುರುತಿನ (#) ನಂತರ ಇರುವುದೇ ಕೀ. 256 ಬಿಟ್ ಕೀ ಆದರೆ 43 ಅಕ್ಷರ. ಹ್ಯಾಶ್‌ನ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದಿಲ್ಲ, ಗುಟ್ಟು ನಿಂತಿರುವುದೇ ಅದರ ಮೇಲೆ. ಚಿಕ್ಕದು ಮಾಡಿಸಿದಾಗ ಬೀಗದಕೈಯನ್ನು ಮೂರನೆಯವರ ಕೈಗೆ ಕೊಟ್ಟಂತಾಯಿತು. ಪುಟದಲ್ಲಿ ದೋಷ ವರದಿ ಮಾಡುವ ಹೊರಗಿನ ಸ್ಕ್ರಿಪ್ಟ್ ಇದ್ದರೆ ಅದೂ ಪೂರ್ತಿ ವಿಳಾಸವನ್ನು ಹೊತ್ತೊಯ್ಯಬಹುದು. ಬರೆಯುವವರು ಆ ಪುಟದಲ್ಲಿ ಹೊರಗಿನ ಸ್ಕ್ರಿಪ್ಟ್ ಒಂದನ್ನೂ ಇಡಬೇಡಿ.

ಈಗಾಗಲೇ ಲಿಂಕ್ ಚಿಕ್ಕದು ಮಾಡಿಸಿ ಕಳಿಸಿದ್ದೀರಾ? ಚಿಕ್ಕ ಲಿಂಕ್ ಅಳಿಸಿದರೆ ಹೋದ ಕೀ ಹಿಂದೆ ಬರುವುದಿಲ್ಲ. ಸರ್ವರ್‌ನಲ್ಲಿರುವ ಫೈಲನ್ನೇ ಅಳಿಸಿ, ಹೊಸದಾಗಿ ಅಪ್‌ಲೋಡ್ ಮಾಡಿ, ಉದ್ದದ ಲಿಂಕನ್ನು ಹಾಗೆಯೇ ಕಳಿಸಿ.