ಐದು ರೂಪಾಯಿಯ ಫಿಲ್ಟರ್ ನೀರು: ಕೂಸು, ಬಸುರಿ, ಮುದುಕರಿರುವ ಮನೆಗೆ ಎಷ್ಟು ಭರವಸೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸುತ್ತಿನ ಊರುಗಳಲ್ಲಿ ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ತುಂಬಿಸಿಕೊಳ್ಳುವ ಫಿಲ್ಟರ್ ನೀರಿನ ಘಟಕಗಳನ್ನು, ಹೆಚ್ಚಾದರೆ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್ ವಿಷಯದಲ್ಲಿ ನೆಚ್ಚಬಹುದು. ರೋಗಾಣುವಿನ ವಿಷಯದಲ್ಲಿ ಅರ್ಧ ಮಾತ್ರ. ಗಟ್ಟಿಮುಟ್ಟಾದವರಿಗೆ ಈ ಅರ್ಧ ಸಾಕಾಗಬಹುದು. ಎಳೆ ಕೂಸು, ತುಂಬು ಗರ್ಭಿಣಿ, ಹಾಸಿಗೆ ಹಿಡಿದ ಅಜ್ಜ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಗೆ ಸಾಲದು.

ಮೊದಲು ಒಳ್ಳೆಯದನ್ನೇ ಹೇಳೋಣ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಈ ಭಾಗದ ಎಷ್ಟೋ ಬೋರ್‌ವೆಲ್‌ಗಳು ಆ ಗೆರೆ ದಾಟುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಾಢವೇ ಆಗುತ್ತದೆ. ಘಟಕದ ಆರ್‌ಒ ಮೆಂಬ್ರೇನ್, ಎಂದರೆ ಅತಿ ಸೂಕ್ಷ್ಮ ರಂಧ್ರದ ಪೊರೆ, ಅದನ್ನು ಬಹುಪಾಲು ತಡೆಯುತ್ತದೆ. ಹಾಗಾಗಿ ಬೋರಿನ ನೀರು ಕುದಿಸಿ ಕುಡಿಯುವುದಕ್ಕಿಂತ ಫಿಲ್ಟರ್ ನೀರು ತಂದು ಕುದಿಸುವುದೇ ಮೇಲು.

ಕೊರತೆ ಇರುವುದು ಯಂತ್ರದ ಸ್ವಭಾವದಲ್ಲೇ. ನೀರು ಮೊದಲು ಮರಳಿನ ಟ್ಯಾಂಕು, ಆಮೇಲೆ ಇದ್ದಿಲಿನ ಟ್ಯಾಂಕು, ಸಣ್ಣ ಕಾರ್ಟ್ರಿಜ್ (ಆಗಾಗ ಬದಲಿಸುವ ಸೋಸುಗೊಳವೆ), ಕೊನೆಗೆ ಮೆಂಬ್ರೇನ್ ಹಾಯುತ್ತದೆ. ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ತಗುಲಿದರೆ ಮೆಂಬ್ರೇನ್ ಹಾಳು. ಆದ್ದರಿಂದ ಇದ್ದಿಲು ಅದನ್ನು ಮೊದಲೇ ಹೀರಿಬಿಡುತ್ತದೆ. ನಲ್ಲಿ ನೀರಿನಲ್ಲಿ ಉಳಿದಿರಬೇಕಾದ, ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಕಾವಲು ಈ ನೀರಿಗಿಲ್ಲ. ಯುವಿ (ಅತಿನೇರಳೆ ಬೆಳಕಿನ) ದೀಪವೇನೋ ರೋಗಾಣು ಕೊಲ್ಲುತ್ತದೆ, ಆದರೆ ತನ್ನ ಮುಂದೆ ಹಾದದ್ದನ್ನು ಮಾತ್ರ. ದೀಪ ದಾಟಿ ಟ್ಯಾಂಕಿನಲ್ಲಿ ನಿಂತ ನೀರಿಗೆ, ಕೊಳಕು ಪೈಪಿಗೆ, ನಿಮ್ಮ ಕ್ಯಾನಿಗೆ ಅದರ ರಕ್ಷಣೆ ಇಲ್ಲ.

ಘಟಕಕ್ಕೆ ಹೋದಾಗ ನಾಲ್ಕು ವಿಷಯ ವಿಚಾರಿಸಿ: ಯುವಿ ದೀಪ ಬದಲಿಸಿದ ದಿನಾಂಕ, ಕಾರ್ಟ್ರಿಜ್ ಬದಲಿಸಿದ್ದು ಯಾವಾಗ, ಟ್ಯಾಂಕು ತೊಳೆದದ್ದು ಯಾವಾಗ, ಇವತ್ತಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಎಷ್ಟು. ದೀಪ ನೀಲಿಯಾಗಿ ಉರಿಯುತ್ತಿದ್ದರೂ ಸುಮಾರು 9,000 ಗಂಟೆ, ಎಂದರೆ ಎಡೆಬಿಡದೆ ಉರಿದರೆ ಒಂದು ವರ್ಷ, ಕಳೆದ ಮೇಲೆ ಅದರ ಶಕ್ತಿ ಕುಂದುತ್ತದೆ. ಗಾಜಿನ ಕವಚದ ಮೇಲೆ ಉಪ್ಪು ಕಟ್ಟಿದರಂತೂ ಬೆಳಕು ನೀರಿಗೆ ಸರಿಯಾಗಿ ತಲುಪುವುದಿಲ್ಲ. ಟಿಡಿಎಸ್ ಏಕಾಏಕಿ ಏರಿದ್ದರೆ ಮೆಂಬ್ರೇನ್ ಕೆಟ್ಟಿರಬಹುದು, ಇಲ್ಲವೇ ರುಚಿಗೆಂದು ಬೋರಿನ ನೀರು ಬೆರೆಸುವ ವಾಲ್ವ್ ಜಾಸ್ತಿ ತೆರೆದಿರಬಹುದು. ಆದರೆ ಟಿಡಿಎಸ್ ಮೀಟರ್ ಅಳೆಯುವುದು ಕರಗಿದ ಲವಣವನ್ನಷ್ಟೇ. 'ಟಿಡಿಎಸ್ 80 ಇದೆ, ನೀರು ಶುದ್ಧ' ಎನ್ನುವವರು ರೋಗಾಣುವಿನ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ.

ನಿಜವಾದ ಅಪಾಯ ಬಹುತೇಕ ಮನೆಯ ಕ್ಯಾನಿನಲ್ಲಿ. ಬಾಯಿ ಕಿರಿದು, ಕೈ ಹೋಗದು, ತಳದಲ್ಲಿ ಲೋಳೆ. ಬರೀ ಕುಲುಕಿ ಚೆಲ್ಲಿದರೆ ಲೋಳೆ ಬಿಡುವುದಿಲ್ಲ. ವಾರಕ್ಕೊಮ್ಮೆ ಉದ್ದ ಹಿಡಿಯ ಬ್ರಷ್ಷು, ಸೋಪು ನೀರು ಹಾಕಿ ಉಜ್ಜಿ. ಬಳಿಕ 2 ಲೀಟರ್ ನೀರಿಗೆ ಶೇ 5ರ ಸುವಾಸನೆಯಿಲ್ಲದ ಹೈಪೋಕ್ಲೋರೈಟ್ ದ್ರಾವಣ (ದ್ರವರೂಪದ ಬ್ಲೀಚ್) 5 ಮಿ.ಲೀ. ಬೆರೆಸಿ ಒಳಗೆ ಹಾಕಿ, ಎಲ್ಲ ಬದಿಯೂ ನೆನೆಯುವಂತೆ ಉರುಳಿಸಿ, 15 ನಿಮಿಷ ಬಿಟ್ಟು ಚೆಲ್ಲಿ, ಎರಡು ಸಲ ಜಾಲಿಸಿ. ಮುಚ್ಚಳವನ್ನೂ ಅದರಲ್ಲೇ ಅದ್ದಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಇನ್ನು ರಂಜಣಗಿಗೆ ಸುರಿದ ಮೇಲೆ ಚರಿಗೆ ಅದ್ದಿ ತೆಗೆದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ನಲ್ಲಿಯಿರುವ ಪಾತ್ರೆ ಬಳಸಿ.

ಆರು ತಿಂಗಳೊಳಗಿನ ಕೂಸಿಗೆ ಎದೆಹಾಲಷ್ಟೇ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲೂ ಹನಿ ನೀರು ಬೇಡ. ಡಬ್ಬಿ ಹಾಲು ಅನಿವಾರ್ಯವಾದರೆ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಕಲಸಿ, ಕುಡಿಸುವಷ್ಟು ಆರಿಸಿ ಕೊಡಬೇಕು. ಪುಡಿಯಲ್ಲೂ ರೋಗಾಣು ಇರಬಹುದು. ಗರ್ಭಿಣಿಗೆ ನೀರಿನಿಂದ ಹರಡುವ ಹೆಪಟೈಟಿಸ್ ಇ ಕಾಮಾಲೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಕ್ಕೇ ಎರವಾಗಬಲ್ಲದು. ಇವರಿಗೆ, ರೋಗಿಗಳಿಗೆ, ಫಿಲ್ಟರ್ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಓಆರ್‌ಎಸ್‌ಗೂ ಅದೇ ನೀರು: ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, 24 ಗಂಟೆ ಕಳೆದರೆ ಚೆಲ್ಲಿ.

ಮಕ್ಕಳು ಗುಳೆ ಹೋಗಿ ಮುದುಕರಷ್ಟೇ ಉಳಿದ ಮನೆಗಳಿಗೆ 20 ಕೆ.ಜಿ. ಭಾರದ ಕ್ಯಾನೇ ತೊಡಕು. ಎತ್ತಲಾಗದೆ ಒಂದೇ ಕ್ಯಾನನ್ನು ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ. 10 ಲೀಟರ್ ತುಂಬುವ ಗುಂಡಿ ಎಲ್ಲ ಘಟಕದಲ್ಲೂ ಬೇಕಿತ್ತು. ಸೌದೆ, ಗ್ಯಾಸ್ ಕುದಿಸಲು ಸಾಲದಿದ್ದರೆ ಕ್ಲೋರಿನ್ ಮಾತ್ರೆ ಇದೆ: 67 ಮಿ.ಗ್ರಾಂನ ಎನ್‌ಎಡಿಸಿಸಿ ಮಾತ್ರೆ ಒಂದು, 20 ಲೀಟರಿಗೆ, ಮುಚ್ಚಿ 30 ನಿಮಿಷ. ಬೇರೆ ಬೇರೆ ತೂಕದ ಮಾತ್ರೆಗಳಿರುತ್ತವೆ, ಪಟ್ಟಿಯ ಮೇಲಿನ ಲೀಟರ್ ಓದದೆ ಹಾಕಬೇಡಿ.

ತಪ್ಪು ಎಲ್ಲಿದೆಯೆಂದು ತಿಳಿಯಲು ಎಚ್‌ಟುಎಸ್ ಬಾಟಲಿ (ನೀರು ತುಂಬಿಟ್ಟು ಮಲದ ಸೋಂಕು ಗುರುತಿಸುವ ಪರೀಕ್ಷಾ ಬಾಟಲಿ) ಸಾಕು. ಜಲ ಜೀವನ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ, ಪಂಚಾಯಿತಿಯಲ್ಲಿ ಕೇಳಿ. ಮೂರು ಬಾಟಲಿ ತುಂಬಿ: ಘಟಕದ ನಲ್ಲಿಯದು, ಕ್ಯಾನಿನದು, ಕುಡಿಯುವ ಪಾತ್ರೆಯದು. ನೀರಿಗೆ ಕ್ಲೋರಿನ್ ಮಾತ್ರೆ ಹಾಕುವ ಮೊದಲೇ ತುಂಬಬೇಕು. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಸೋಂಕಿನ ಸುಳಿವು. ನಲ್ಲಿಯದು ತಿಳಿಯಾಗಿದ್ದು ಕ್ಯಾನಿನದು ಕಪ್ಪಾದರೆ ಬ್ರಷ್ಷು ಹಿಡಿಯಿರಿ. ನಲ್ಲಿಯದೇ ಕಪ್ಪಾದರೆ ಬಾಟಲಿಯನ್ನೇ ಪಿಡಿಒ ಮುಂದಿಟ್ಟು ಟ್ಯಾಂಕು ತೊಳೆಸಲು, ಯುವಿ ದೀಪ ಬದಲಿಸಲು ಹೇಳಿ. ಮರುಪರೀಕ್ಷೆ ಆಗುವವರೆಗೆ ಮನೆಮಂದಿಯೆಲ್ಲ ಕುದಿಸಿಯೇ ಕುಡಿಯಬೇಕು.