ಹಿತ್ತಲಿನ ಗಾಲ್ಫ್ ಸಿಮ್ಯುಲೇಟರ್, 14 ತಿಂಗಳು ಬಳಸಿದ ಮೇಲೆ: ಮೊದಲು ಮ್ಯಾಟ್ ನೋಡಿ

ಸಿಮ್ಯುಲೇಟರ್ ಅಂದರೆ ಮನೆಯಲ್ಲೇ ಸ್ಕ್ರೀನ್‌ಗೆ ಚೆಂಡು ಹೊಡೆಯುವುದು, ಅದು ಎಷ್ಟು ದೂರ ಹೋಗುತ್ತಿತ್ತು ಎಂದು ರಾಡಾರ್ ಅಳೆದು ಹೇಳುತ್ತದೆ. ಯಾವ ರಾಡಾರ್ ಒಳ್ಳೆಯದು, ಪ್ರೊಜೆಕ್ಟರ್‌ಗೆ ಎಷ್ಟು ಲ್ಯೂಮೆನ್ಸ್ (ಬೆಳಕು) ಬೇಕು, ಯಾವ ಸಾಫ್ಟ್‌ವೇರ್‌ನಲ್ಲಿ ಎಷ್ಟು ಕೋರ್ಸ್ (ಗಾಲ್ಫ್ ಮೈದಾನ) ಇವೆ, ಇದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ. ನಾನೂ ಮೂರು ತಿಂಗಳು ಅದನ್ನೇ ನೋಡಿದ್ದೆ. ಚೆಂಡಿಟ್ಟು ಹೊಡೆಯುವ ಮ್ಯಾಟ್ ಬಗ್ಗೆ ಮಾತ್ರ ಐದು ನಿಮಿಷವೂ ಯೋಚಿಸಲಿಲ್ಲ. ₹4,000ಕ್ಕೆ ಸಿಕ್ಕ ತೆಳು ಹಸಿರು ಮ್ಯಾಟ್ ತರಿಸಿ ಸಿಮೆಂಟ್ ನೆಲದ ಮೇಲೆ ಹಾಸಿಬಿಟ್ಟೆ. ಮೊದಲ ಐದು ತಿಂಗಳು ಅದರಿಂದಲೇ ಹಾಳಾಯಿತು.

ಮನೆ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ. 40x60 ಸೈಟು, ಅಪ್ಪ ಕಟ್ಟಿಸಿದ ಮನೆ, ಹಿಂದೆ ಒಳ್ಳೆಯ ಹಿತ್ತಲು ಬಿಟ್ಟಿದ್ದಾರೆ. ಒಂದು ತುದಿಗೆ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ತುದಿಗೆ ಕರಿಬೇವಿನ ಗಿಡ. ಎರಡನ್ನೂ ಮುಟ್ಟಬಾರದು ಎಂದು ಅಮ್ಮ ಮೊದಲೇ ಹೇಳಿದ್ದರು. ನಡುವೆ 22 ಅಡಿ ಉದ್ದ, 14 ಅಡಿ ಅಗಲ ಉಳಿಯಿತು. ನನ್ನದು ಹಿಂದೆ ಇಡುವ ರಾಡಾರ್. ಅದಕ್ಕೂ ಚೆಂಡಿಗೂ ನಡುವೆ 7 ಅಡಿ, ಚೆಂಡಿನಿಂದ ಸ್ಕ್ರೀನ್‌ಗೆ 9 ಅಡಿ, ಸ್ಕ್ರೀನ್ ಹಿಂದೆ ಗೋಡೆಗೆ ತಾಗದಂತೆ ಒಂದೂವರೆ ಅಡಿ ಬಿಟ್ಟಿದ್ದೇನೆ. ಜಾಗ ಇದಕ್ಕಿಂತ ಕಡಿಮೆ ಇದ್ದರೆ ಪಕ್ಕದಲ್ಲಿ ಇಡುವ ಕ್ಯಾಮೆರಾ ಮಾದರಿಯನ್ನೇ ನೋಡಿ. ಡ್ರೈವರ್ (ಎಲ್ಲಕ್ಕಿಂತ ಉದ್ದದ ಗಾಲ್ಫ್ ಕೋಲು) ಬೀಸಿದಾಗ ತಗಲಬಾರದು ಅಂತ ಫ್ಯಾಬ್ರಿಕೇಶನ್‌ನವರ ಹತ್ತಿರ ಚಾವಣಿಯ ಶೀಟನ್ನು ಹತ್ತೂವರೆ ಅಡಿ ಎತ್ತರಕ್ಕೆ ಹಾಕಿಸಿದೆ.

ಬಲೆಯ ವಿಷಯ ಒಂದು ಹೇಳಲೇಬೇಕು. ನಮ್ಮೂರಲ್ಲಿ ಕ್ರಿಕೆಟ್ ನೆಟ್ ಸುಲಭವಾಗಿ ಸಿಗುತ್ತೆ, ಬೆಲೆಯೂ ಕಡಿಮೆ. ದಯವಿಟ್ಟು ಅದನ್ನು ಕಟ್ಟಬೇಡಿ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿ.ಮೀ., ಮಾಮೂಲಿ ಕ್ರಿಕೆಟ್ ನೆಟ್‌ನ ಕಣ್ಣು ಅದಕ್ಕಿಂತ ದೊಡ್ಡದಿರಬಹುದು. ಪಕ್ಕದ ಮನೆಯ ಕಿಟಕಿ ಹತ್ತೇ ಅಡಿ ದೂರದಲ್ಲಿದೆ. ನಾನು 20 ಮಿ.ಮೀ. ಕಣ್ಣಿನ ಬಲೆ ಹೇಳಿ ಮಾಡಿಸಿದೆ.

ಸರಿ, ಮ್ಯಾಟ್‌ಗೆ ಬರೋಣ.

ಮೊದಲ ಎರಡು ತಿಂಗಳು ನನ್ನ ಅಂಕಿಗಳು ತುಂಬ ಚೆನ್ನಾಗಿದ್ದವು. 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕೋಲು) ಪ್ರತಿ ಸಲ 135 ಗಜದ ಆಸುಪಾಸು. ಆಟ ಸುಧಾರಿಸಿತು ಎಂದೇ ನಂಬಿದ್ದೆ. ಆಮೇಲೆ ಗೆಳೆಯನೊಬ್ಬ ನಂದಿ ಬೆಟ್ಟದ ಕಡೆಯ ಒಂದು ಕೋರ್ಸ್‌ಗೆ ಕರೆದುಕೊಂಡು ಹೋದ. ಅಲ್ಲಿ ಮೊದಲ ಮೂರು ಹೋಲ್‌ಗಳಲ್ಲೇ ನಾಲ್ಕು ಸಲ ಚೆಂಡಿಗಿಂತ ಹಿಂದೆ ನೆಲ ಅಗೆದೆ. ಚೆಂಡು 60-70 ಗಜ ಹೋಗಿ ಬಿತ್ತು. ಮನೆಯಲ್ಲಿ ದಿನಾ ಚೆನ್ನಾಗಿ ಹೊಡೆಯುವ ಅದೇ ಹೊಡೆತ. ಏನಾಯಿತು ಎಂದೇ ಅರ್ಥವಾಗಲಿಲ್ಲ, ಬರುವಾಗ ಕಾರಿನಲ್ಲಿ ಸರಿಯಾಗಿ ಮಾತೂ ಆಡಲಿಲ್ಲ.

ಅದನ್ನು ಹಿಡಿದವರು ಅಪ್ಪ. ಅವರು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್‌ನಲ್ಲಿದ್ದವರು. ಗಾಲ್ಫ್ ಕಡೆ ಅವರು ತಿರುಗಿ ನೋಡಿದ್ದೇ 2021ರ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ. ಆ ಹುಡುಗಿಯ ಬ್ಯಾಗ್ ಹೊತ್ತು ಜೊತೆಗೆ ನಡೆದಿದ್ದು ಅವರ ಅಮ್ಮ ಅನ್ನೋದು ಅಪ್ಪನಿಗೆ ತುಂಬ ಹಿಡಿಸಿತ್ತು. ನಾನು ಹಿತ್ತಲಲ್ಲಿ ಆಡುವಾಗ ಅವರು ಒಗೆಯುವ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಸುಮ್ನೆ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ಸಂಜೆ ಕೇಳಿದರು: "ಈ ಸಲ ಮೊದಲು ಮ್ಯಾಟ್ ಸದ್ದು ಮಾಡ್ತು, ಆಮೇಲೆ ಚೆಂಡು. ಹಿಂದಿನ ಸಲ ಚೆಂಡು ಮೊದಲು. ಆದ್ರೂ ಅಂಕಿ ಒಂದೇ ಬಂತಲ್ಲೋ, ಅದು ಹೇಗೆ?"

ಅಷ್ಟೇ ವಿಷಯ. ಹುಲ್ಲಿನ ಮೇಲೆ ಚೆಂಡಿಗಿಂತ ಹಿಂದೆ ಹೊಡೆದರೆ ಕ್ಲಬ್ (ಗಾಲ್ಫ್ ಕೋಲು) ಮಣ್ಣಿಗೆ ಇಳಿದು ವೇಗ ಕಳೆದುಕೊಳ್ಳುತ್ತದೆ. ಕೆಳಗೆ ಸಿಮೆಂಟ್ ಇರುವ ತೆಳು ಮ್ಯಾಟ್ ಮೇಲೆ ಕ್ಲಬ್‌ಗೆ ಇಳಿಯಲು ಜಾಗವೇ ಇಲ್ಲ, ಅದು ಪುಟಿದು ಜಾರಿಕೊಂಡು ಹೋಗಿ ಚೆಂಡಿಗೆ ತಗಲುತ್ತದೆ. ಚೆಂಡು ಹೆಚ್ಚುಕಡಿಮೆ ಪೂರ್ತಿ ದೂರ ಹೋಗುತ್ತದೆ. ರಾಡಾರ್ ನೋಡುವುದು ಚೆಂಡನ್ನು, ಹಾಗಾಗಿ ಅದು ತನ್ನ ಲೆಕ್ಕ ಸರಿಯಾಗಿಯೇ ಹೇಳುತ್ತದೆ. ನಾನು ಐದು ತಿಂಗಳು ತಪ್ಪು ಹೊಡೆತವನ್ನೇ ಸಾವಿರಾರು ಸಲ ಅಭ್ಯಾಸ ಮಾಡಿದ್ದೆ.

ಅಷ್ಟರಲ್ಲಿ ಬಲ ಮೊಣಕೈಯ ಒಳಗಡೆ ನೋವು ಶುರುವಾಗಿತ್ತು. ಹಾಲಿನ ಪ್ಯಾಕೆಟ್ ಎತ್ತಿದರೂ ಚುಳುಕ್ ಅನ್ನುತ್ತಿತ್ತು. ಗಟ್ಟಿ ನೆಲಕ್ಕೆ ದಿನಾ ನೂರು ಸಲ ಕಬ್ಬಿಣ ಬಡಿದರೆ ಆ ಪೆಟ್ಟು ಹೋಗಬೇಕಾದ್ದು ಕೈಗೇ ತಾನೇ. ಫಿಸಿಯೋಥೆರಪಿಸ್ಟ್ ಆರು ವಾರ ಕ್ಲಬ್ ಮುಟ್ಟಬೇಡಿ ಅಂದರು. ಆ ಆರು ವಾರದಲ್ಲಿ ಎಲ್ಲ ಮಾರಿಬಿಡೋಣ ಎಂದು ಎರಡು ಸಲ ಜಾಹೀರಾತು ಬರೆದು ಅಳಿಸಿದೆ.

ಆಮೇಲೆ ₹27,000 ಕೊಟ್ಟು ದಪ್ಪ ಮ್ಯಾಟ್ ತರಿಸಿದೆ. ಕೆಳಗೆ ಫೋಮ್, ಹೊಡೆಯುವ ಜಾಗದಲ್ಲಿ ಮಾತ್ರ ಬದಲಾಯಿಸಬಹುದಾದ ಪಟ್ಟಿ, ಅದರಡಿ ಜೆಲ್. ಬೆಲೆ ಕೇಳಿದಾಗ ಹೊಟ್ಟೆ ಉರಿಯಿತು, ಪ್ರೊಜೆಕ್ಟರನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ₹24,000ಕ್ಕೆ ತಂದವನು ನಾನು. ಆದರೆ ಇದರ ಮೇಲೆ ಹಿಂದೆ ಹೊಡೆದರೆ ಕ್ಲಬ್ ಸ್ವಲ್ಪ ಕಚ್ಚಿಕೊಳ್ಳುತ್ತದೆ, ಅಂಕಿಯೂ ಇಳಿಯುತ್ತದೆ. ಹುಲ್ಲಿನಷ್ಟಲ್ಲ, ಆದರೂ ತಪ್ಪು ಗೊತ್ತಾಗುತ್ತದೆ. ಜೊತೆಗೆ ಚೆಂಡಿನ ಹಿಂದೆ ನಾಲ್ಕು ಇಂಚು ಬಿಟ್ಟು ಹಳೆ ಟರ್ಕಿ ಟವೆಲ್ ಮಡಿಸಿ ಇಡುತ್ತೇನೆ. ಕ್ಲಬ್ ಟವೆಲ್‌ಗೆ ತಗಲಿತು ಅಂದರೆ ಆ ಹೊಡೆತ ಲೆಕ್ಕಕ್ಕಿಲ್ಲ, ಸ್ಕ್ರೀನ್ ಮೇಲೆ ಏನೇ ಬಂದಿರಲಿ. ಮೊಣಕೈ ಈಗ ಆರಾಮ.

ಈಗಿನ ದಿನಚರಿ ಹೇಳುತ್ತೇನೆ, ಇದಕ್ಕೋಸ್ಕರವೇ ನಾನು ಇದನ್ನು ಮಾರಲಿಲ್ಲ. ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ಮೊದಲು ಮ್ಯಾಟ್ ಮೇಲಿನ ಕರಿಬೇವಿನ ಎಲೆ ಗುಡಿಸಬೇಕು. ಸೊಳ್ಳೆ ಬತ್ತಿ ಹಚ್ಚಿ ಮೂಲೆಯಲ್ಲಿಟ್ಟು, ಸುತ್ತಿಟ್ಟ ಸ್ಕ್ರೀನ್ ಇಳಿಸಿ, ನೆಲದ ಮೇಲೆ ಪೇಂಟ್‌ನಲ್ಲಿ ಎಳೆದ ಗೆರೆಗೆ ಸರಿಯಾಗಿ ರಾಡಾರ್ ಇಡುತ್ತೇನೆ. ಕತ್ತಲಾಗುವವರೆಗೆ ಪ್ರೊಜೆಕ್ಟರ್ ಚಿತ್ರ ಕಾಣಿಸುವುದಿಲ್ಲ, ಆ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಬರೀ ವೆಜ್ (ಹತ್ತಿರದ ಹೊಡೆತದ ಕ್ಲಬ್) ಹೊಡೆಯುವುದು, ಅರ್ಧ ಸ್ವಿಂಗ್, 50 ಗಜ. ಅಷ್ಟರಲ್ಲಿ ಅಪ್ಪ ನೋಟ್‌ಬುಕ್ ಹಿಡಿದು ಬರುತ್ತಾರೆ. ಪುಟದಲ್ಲಿ ಮೂರು ಕಾಲಂ: ಕ್ಲಬ್, ದೂರ, ಸದ್ದು. ಸದ್ದಿನ ಕಾಲಂನಲ್ಲಿ 'ಚೆಂಡು' ಅಥವಾ 'ಮ್ಯಾಟ್' ಎಂದು ಬರೆಯುತ್ತಾರೆ. ಯಾವ ಆ್ಯಪ್‌ನಲ್ಲೂ ಆ ಕಾಲಂ ಇಲ್ಲ, ನನಗೆ ಹೆಚ್ಚು ಕಲಿಸಿದ್ದು ಅದೇ. ಮೊದಲ ಪುಟಗಳಲ್ಲಿ ಹತ್ತಕ್ಕೆ ಆರು 'ಮ್ಯಾಟ್' ಇತ್ತು. ಈಗ ಹತ್ತಕ್ಕೆ ಎರಡು.

ಮೊದಲು ಅಭ್ಯಾಸಕ್ಕೆ ದೊಮ್ಮಲೂರಿನ ಕಡೆಯ ಗಾಲ್ಫ್ ರೇಂಜ್‌ಗೆ ಹೋಗುತ್ತಿದ್ದೆ. ಹೆಬ್ಬಾಳ ದಾಟುವಷ್ಟರಲ್ಲೇ ಅರ್ಧ ಸಂಜೆ ಮುಗಿದಿರುತ್ತಿತ್ತು. ವಾರಕ್ಕೆ ಒಂದು ಸಲ ಹೋದರೆ ಹೆಚ್ಚು. ಈಗ ವಾರಕ್ಕೆ ಐದು ದಿನ ಆಡುತ್ತೇನೆ, ಅದೂ ಅಪ್ಪನ ಜೊತೆ.

ಇನ್ನು ಚಿಕ್ಕಪುಟ್ಟ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಇಲ್ಲಿ 3-4% ಜಾಸ್ತಿ ಹೋಗುತ್ತದೆ. ನನ್ನ ಸಾಫ್ಟ್‌ವೇರ್‌ನಲ್ಲಿ ಎತ್ತರ ಸೊನ್ನೆ ಅಂತಲೇ ಇತ್ತು, ಸರಿ ಮಾಡಿದ ಮೇಲೆ 135 ಗಜ 140 ಆಯಿತು. ಕೋರ್ಸ್‌ನಲ್ಲಿ ಸರಿಯಾಗಿ ಹೊಡೆದಾಗಲೂ ಅಷ್ಟೇ ಬರುತ್ತದೆ. ಮಳೆಗಾಲದಲ್ಲಿ ಸ್ಕ್ರೀನ್ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆಟ ಮುಗಿದ ತಕ್ಷಣ ಸುತ್ತಿಡಿ. ಸದ್ದಿನ ಬಗ್ಗೆ ಪಕ್ಕದ ಮನೆ ಆಂಟಿ ಒಂದು ದಿನ ಕಾಂಪೌಂಡ್ ಹತ್ತಿರ ಬಂದು "ಏನಪ್ಪಾ ಅದು ದಬ್ ದಬ್ ಅಂತ, ಮಗು ಎದ್ದುಬಿಡುತ್ತೆ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸ್ಕ್ರೀನ್ ಹಿಂದೆ ಎರಡು ಹಳೆ ಕಂಬಳಿ ನೇತುಹಾಕಿದೆ, ಸದ್ದು ಅರ್ಧಕ್ಕರ್ಧ ಇಳಿಯಿತು. ಎಂಟು ಗಂಟೆಗೆ ನಿಲ್ಲಿಸುತ್ತೇನೆ.

ಒಟ್ಟು ಖರ್ಚು ₹1,86,000 ಆಯಿತು, ಬಿಸಾಡಿದ ಮ್ಯಾಟೂ ಸೇರಿ. ನಿಮ್ಮ ಹತ್ತಿರ ಇದರ ಅರ್ಧ ದುಡ್ಡೇ ಇದ್ದರೆ ಪ್ರೊಜೆಕ್ಟರ್ ಬಿಡಿ, ಸ್ಕ್ರೀನ್ ಬಿಡಿ. ಗಟ್ಟಿ ಬಲೆ, ದಪ್ಪ ಮ್ಯಾಟ್, ಒಂದು ಟವೆಲ್. ರಾಡಾರ್ ಆರು ತಿಂಗಳು ಬಿಟ್ಟು ತಂದರೂ ನಡೆಯುತ್ತದೆ, ತಂದ ಮೇಲೆ ಅಂಕಿಗಳನ್ನು ಫೋನಿನಲ್ಲೇ ನೋಡಬಹುದು.

ಹೊಡೆಯುವ ಪಟ್ಟಿ ಆಗಲೇ ಸವೆದು ಮಧ್ಯದಲ್ಲಿ ಬೋಳಾಗಿದೆ. ಸದ್ದು ಬದಲಾಗಿದೆ ಎಂದು ಅಪ್ಪ ಹೋದ ವಾರವೇ ಹೇಳಿದರು. ಹೊಸದಕ್ಕೆ ಆರ್ಡರ್ ಹಾಕಿದ್ದೇನೆ.